ಲಾಂಗ್‌ವುಡ್: ಮುಗಿಸಬಾರದ ಮನೆ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಊರಿನಲ್ಲಿ ಲಾಂಗ್‌ವುಡ್ ಅಂತ ಒಂದು ದೊಡ್ಡ ಮನೆಯಿದೆ. ಎಂಟು ಮೂಲೆಯ ಮನೆ. ನೆತ್ತಿಯ ಮೇಲೆ ಉಳ್ಳಾಗಡ್ಡಿ ಆಕಾರದ ಗುಮ್ಮಟ. ಕೆಳಗಿನ ನೆಲಮಾಳಿಗೆಯಲ್ಲಿ ಮಂಚ, ಕುರ್ಚಿ, ದೀಪ, ಪಿಂಗಾಣಿ ಎಲ್ಲ ಒಪ್ಪವಾಗಿ ಜೋಡಿಸಿಟ್ಟಿದ್ದಾರೆ. ಅಲ್ಲಿಂದ ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಗೆ ಬಂದರೆ ಬರೀ ಇಟ್ಟಿಗೆ ಗೋಡೆ. ಗಿಲಾವು ಇಲ್ಲ, ಬಣ್ಣ ಇಲ್ಲ. ಬಾಗಿಲಿರಬೇಕಾದ ಕಡೆ ಬಾಗಿಲಿಲ್ಲ. ತಲೆ ಎತ್ತಿದರೆ ತೊಲೆಗಳ ಮೇಲೆ ತೊಲೆ, ಅದರಾಚೆ ಗುಮ್ಮಟದ ಒಳಮೈ. ಕೆಲಸಗಾರರು ಬಿಟ್ಟುಹೋದ ಬಣ್ಣದ ಡಬ್ಬಿ, ಉಪಕರಣಗಳು ಇನ್ನೂ ಅಲ್ಲೇ ಇವೆ. 1861ರಿಂದ.

ನಾವು ಹೋದ ದಿನ ಗುಂಪಿನಲ್ಲಿದ್ದ ಒಬ್ಬರು ಗೈಡ್ ಅಮ್ಮನನ್ನು ಕೇಳಿದರು, ಇಷ್ಟು ವರ್ಷ ಆದರೂ ಇದನ್ನು ಯಾರೂ ಯಾಕೆ ಪೂರ್ತಿ ಮಾಡಲಿಲ್ಲ, ದುಡ್ಡು ಕೊಡುವವರು ಸಿಗಲಿಲ್ಲವಾ ಅಂತ. ಮಾಡುವ ಹಾಗಿಲ್ಲ, ಈ ಮನೆಯನ್ನು ದಾನ ಕೊಡುವಾಗಲೇ ಹಾಗೆ ಷರತ್ತು ಹಾಕಿದ್ದಾರೆ ಅಂದರು ಗೈಡ್. ಇದನ್ನು ಎಂದೂ ಮುಗಿಸಬಾರದು. ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಎಲ್ಲರ ಮುಖದಲ್ಲೂ ಅಯ್ಯೋ ಪಾಪ ಅನ್ನುವ ಭಾವ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಮೇಲೆ ಈ ಪಾಪ ಯಾರಿಗೆ ಹೇಳುತ್ತಿದ್ದೇವೆ ಅನ್ನುವ ಪ್ರಶ್ನೆ ತಲೆಗೆ ಹೊಕ್ಕಿತು. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. ಅದಕ್ಕೇ ಈ ಬರಹ.

ಕೆಲಸ ನಿಂತದ್ದು ಹೇಗೆ

ಲಾಂಗ್‌ವುಡ್ ಕಟ್ಟಿಸಲು ಹೊರಟವನು ಹಾಲರ್ ನಟ್. ಮಿಸಿಸಿಪ್ಪಿ ಮತ್ತು ಲೂಯಿಸಿಯಾನಾದಲ್ಲಿ ಅವನಿಗೆ ಸಾವಿರಾರು ಎಕರೆ ಹತ್ತಿ ತೋಟಗಳಿದ್ದವು. ಸುಮಾರು 800 ಗುಲಾಮರು ಇದ್ದರು ಅಂತ ಲೆಕ್ಕ. ಮನೆಯ ನಕ್ಷೆ ಮಾಡಿದವನು ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್ ಅನ್ನುವ ವಾಸ್ತುಶಿಲ್ಪಿ. ಪೂರ್ವದೇಶದ ಬಂಗಲೆ ಅಂದರೆ ಹೀಗಿರುತ್ತದೆ ಅಂತ ಅವನು ಕಲ್ಪಿಸಿಕೊಂಡದ್ದು ಇದು. ಒಟ್ಟು 32 ಕೋಣೆ. ನಡುವೆ ನೆಲಮಾಳಿಗೆಯಿಂದ ಗುಮ್ಮಟದವರೆಗೆ ತೆರೆದ ಜಾಗ. ಮೇಲಿನ ಬೆಳಕನ್ನು ಕನ್ನಡಿಗಳಿಂದ ಕೆಳಗಿನವರೆಗೆ ಇಳಿಸುವ ಯೋಜನೆ. 1860ರಲ್ಲಿ ಕೆಲಸ ಶುರುವಾಯಿತು. ಕುಶಲ ಕೆಲಸಕ್ಕೆ ಉತ್ತರದಿಂದ ಬಡಿಗರು, ಗಾರೆಯವರು ಬಂದರು. ಒಂದು ವರ್ಷದೊಳಗೆ ಹೊರಮೈ ಹೆಚ್ಚು ಕಡಿಮೆ ಎದ್ದು ನಿಂತಿತು.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಉತ್ತರದ ಕೆಲಸಗಾರರು ಉಪಕರಣ ಅಲ್ಲೇ ಬಿಟ್ಟು ಊರಿಗೆ ಹೊರಟುಹೋದರು. ಉಳಿದ ಸ್ಥಳೀಯ ಕೆಲಸಗಾರರು ಮತ್ತು ನಟ್‌ನ ಗುಲಾಮರು ಸೇರಿ ನೆಲಮಾಳಿಗೆಯ 9 ಕೋಣೆಗಳನ್ನು ವಾಸಕ್ಕೆ ಆಗುವಂತೆ ಮುಗಿಸಿದರು. ಅಲ್ಲಿಗೆ ನಿಂತಿತು. ನಟ್ ಯುದ್ಧಕ್ಕೆ ವಿರೋಧಿಯಾಗಿದ್ದ, ಒಕ್ಕೂಟದ (ಅಂದರೆ ಉತ್ತರದವರ) ಪರ ಇದ್ದ. ಆದರೂ ಅವನ ಹತ್ತಿ, ತೋಟ ಎಲ್ಲ ಹೋದವು. 1864ರಲ್ಲಿ ನ್ಯುಮೋನಿಯಾದಿಂದ ಸತ್ತ. ಹೆಂಡತಿ ಜೂಲಿಯಾ ಎಂಟು ಮಕ್ಕಳನ್ನು ಕಟ್ಟಿಕೊಂಡು ಆ ನೆಲಮಾಳಿಗೆಯಲ್ಲೇ ಬದುಕಿದಳು. ತಲೆಯ ಮೇಲೆ ಖಾಲಿ ಅಂತಸ್ತುಗಳು. ಯುದ್ಧದಲ್ಲಿ ಆದ ನಷ್ಟಕ್ಕೆ ಪರಿಹಾರ ಕೊಡಿ ಅಂತ ಸರಕಾರದ ಬಾಗಿಲು ಬಡಿಯುತ್ತಲೇ ಇದ್ದಳು. ಸ್ವಲ್ಪ ಸಿಕ್ಕಿತು, ಮನೆ ಮುಗಿಸುವಷ್ಟು ಸಿಗಲಿಲ್ಲ. ಅವಳ ನಂತರವೂ ಮನೆ ದಶಕಗಟ್ಟಲೆ ಕುಟುಂಬದ ಕೈಯಲ್ಲೇ ಇತ್ತು. 1968ರಲ್ಲಿ ಟೆಕ್ಸಸ್‌ನ ಮ್ಯಾಕ್ಆಡಮ್ಸ್ ಪ್ರತಿಷ್ಠಾನ ಅದನ್ನು ಕೊಂಡಿತು. ರಿಪೇರಿ ಮಾಡಿಸಿ, 1970ರಲ್ಲಿ ಊರಿನ ಹೆಂಗಸರ ಸಂಘವಾದ ಪಿಲ್ಗ್ರಿಮೇಜ್ ಗಾರ್ಡನ್ ಕ್ಲಬ್‌ಗೆ ಕೊಟ್ಟಿತು.

ಗೈಡ್‌ಗಳು ಈ ಕಥೆಯನ್ನು ಜೂಲಿಯಾಳ ಕಷ್ಟದ ಕಥೆಯಾಗಿ ಹೇಳುತ್ತಾರೆ. ಕಷ್ಟ ಹೌದು. ಗಂಡ ಸತ್ತವಳ ನೋವು ಸುಳ್ಳಲ್ಲ. ಆದರೆ ಆ ಮೇಲಿನ ಅಂತಸ್ತಿನಲ್ಲಿ ನಿಂತಾಗ ಕಾಣುವುದು ಒಂದು ಕುಟುಂಬದ ದುರದೃಷ್ಟ ಮಾತ್ರ ಅಲ್ಲ. ಇಷ್ಟೆತ್ತರದ ಮನೆ ಏಳುತ್ತಿದ್ದದ್ದು ಕೂಲಿ ಇಲ್ಲದ ದುಡಿತದ ಮೇಲೆ. ಆ ದುಡಿತದ ವ್ಯವಸ್ಥೆ ಅಲುಗಾಡಿದ ವರ್ಷವೇ ಮನೆಯೂ ನಿಂತಿತು. ಗಿಲಾವು ಹಚ್ಚಿ, ಕನ್ನಡಿ ತೂಗಿ, ಅಮೃತಶಿಲೆ ಹಾಸಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.

ವಿಲಾಯ್ತಿ ಹತ್ತಿ

ನಾನು ಧಾರವಾಡ ಕಡೆಯವನು. ಎರೆ ಹೊಲ, ಹತ್ತಿ ಇವುಗಳ ನಡುವೆ ಬೆಳೆದವನು. ನಮ್ಮ ಅಜ್ಜ ಹತ್ತಿಯಲ್ಲಿ ಎರಡೇ ಜಾತಿ ಅನ್ನುತ್ತಿದ್ದ. ಒಂದು ಜವಾರಿ ಹತ್ತಿ, ಇನ್ನೊಂದು ವಿಲಾಯ್ತಿ ಹತ್ತಿ. "ವಿಲಾಯ್ತಿ ಹತ್ತಿ ನೋಡಾಕ ಛಲೋ, ಮಳಿ ಕೈ ಕೊಟ್ರ ಮಾತ್ರ ಮನಿಗೆ ಬರಂಗಿಲ್ಲ" ಅನ್ನುತ್ತಿದ್ದ. ವಿಲಾಯ್ತಿ ಅಂದರೆ ಎಲ್ಲಿಯದು ಅಂತ ನಾನು ಕೇಳಿರಲಿಲ್ಲ. ಇಂಗ್ಲೆಂಡಿನದು ಇರಬೇಕು ಅಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಎಲ್ಲಿ ಹತ್ತಿ ಬೆಳೆಯುತ್ತದೆ, ಅಲ್ವಾ?

ಅದು ಅಮೆರಿಕದ ದಕ್ಷಿಣದಿಂದ ಬಂದ ಹತ್ತಿ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಲ್ಲಿಂದ ಹತ್ತು ಜನ ತೋಟಗಾರರನ್ನು ಹಿಂದುಸ್ತಾನಕ್ಕೆ ಕರೆಸಿತು. ನಮ್ಮ ರೈತರಿಗೆ ಉದ್ದ ಎಳೆಯ ಹತ್ತಿ ಬೆಳೆಯುವುದನ್ನು ಕಲಿಸಲಿ ಅಂತ. ದೇಶದ ಬಹುತೇಕ ಕಡೆ ಆ ಪ್ರಯತ್ನ ಸೋತಿತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬೀಜ ಹಿಡಿದುಕೊಂಡದ್ದು ಧಾರವಾಡದ ಎರೆ ಮಣ್ಣಿನಲ್ಲಿ. ಮಾರುಕಟ್ಟೆಯಲ್ಲಿ ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರು ಬಿತ್ತು. ಬೀಜ ಬಿಡಿಸುವ ಗರಗಸದ ಜಿನ್ನುಗಳೂ ಬಂದವು. ಇಪ್ಪತ್ತು ವರ್ಷದ ನಂತರ ಅಲ್ಲಿ ಯುದ್ಧವಾಗಿ ಹತ್ತಿ ಹಡಗುಗಳು ನಿಂತಾಗ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರಕ್ಕೆ ಹೋಯಿತು. ಬೆಲೆ ಮುಗಿಲು ಮುಟ್ಟಿತು. 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಕುಸಿಯಿತು. ಲಾಂಗ್‌ವುಡ್‌ನಲ್ಲಿ ಬಡಿಗರ ಸುತ್ತಿಗೆ ಸದ್ದು ನಿಂತ ವರ್ಷಗಳಲ್ಲಿ ನಮ್ಮ ಕಡೆಯ ಹತ್ತಿ ವ್ಯಾಪಾರಿಗಳು ಹೊಸ ಮನೆ ಕಟ್ಟಿಸುವ ಲೆಕ್ಕ ಹಾಕುತ್ತಿದ್ದಿರಬೇಕು.

ನ್ಯಾಚೆಜ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಸಂಗತಿ ಇದೆ. ಹಾಲರ್‌ನ ಅಪ್ಪ ರಶ್ ನಟ್. ವೈದ್ಯ, ಜೊತೆಗೆ ತೋಟಗಾರ. ನ್ಯಾಚೆಜ್‌ನಿಂದ ಉತ್ತರಕ್ಕೆ, ರಾಡ್ನಿ ಅನ್ನುವ ಊರಿನ ಹತ್ತಿರದ ತನ್ನ ತೋಟದಲ್ಲಿ ಮೆಕ್ಸಿಕೋದ ಬೀಜ ತಂದು, ಆರಿಸಿ ಆರಿಸಿ ಪೆಟಿಟ್ ಗಲ್ಫ್ ಅನ್ನುವ ತಳಿ ಬೆಳೆಸಿದ. ಕೊಳೆ ರೋಗ ತಡೆಯುವ, ಕಾಯಿ ಚೆನ್ನಾಗಿ ಅರಳುವ ಹತ್ತಿ. ಕೈಗೆ ಸಲೀಸಾಗಿ ಬಿಡಿಸಲು ಬರುವಂಥದ್ದು. ಕೃಷಿಯ ಪುಸ್ತಕಗಳಲ್ಲಿ ಇದನ್ನು ದೊಡ್ಡ ಸಾಧನೆ ಅಂತ ಬರೆಯುತ್ತಾರೆ. ಹತ್ತಿ ಬಿಡಿಸುವುದು ಅಂದರೆ ಏನು ಅಂತ ನನಗೆ ಗೊತ್ತು. ಬೆಳಗಿನ ಇಬ್ಬನಿ ಆರುವ ಮೊದಲೇ ಹೊಲಕ್ಕೆ ಇಳಿದು, ಬೆನ್ನು ಬಗ್ಗಿಸಿ, ಕಾಯಿಯ ತುದಿ ಉಗುರ ಸಂದಿಗೆ ಚುಚ್ಚುತ್ತಾ ಬಿಡಿಸಬೇಕು. ಸಲೀಸಾದ ತಳಿ ಬಂದದ್ದರಿಂದ ಬಿಡಿಸುವವರ ಕೈಗೆ ಸಲೀಸಾಯಿತಾ? ಇಲ್ಲ. ಜಾಸ್ತಿ ಬಿಡಿಸಬೇಕಾಯಿತು, ಅಷ್ಟೇ. ದಿನಾ ಸಂಜೆ ಪ್ರತಿಯೊಬ್ಬರ ಬುಟ್ಟಿ ತೂಗುತ್ತಿದ್ದರು. ಗೊತ್ತುಮಾಡಿದ ತೂಕಕ್ಕಿಂತ ಕಡಿಮೆ ಬಂದರೆ ಚಾಟಿ. ಆ ತೂಕದ ದುಡ್ಡು ಮಗನ ಕಾಲಕ್ಕೆ ಎಂಟು ಮೂಲೆಯ ಮನೆಯಾಗಿ ಮೇಲೇಳುತ್ತಿತ್ತು.

ಊಟದ ಮನೆಯ ಪಂಖ

ನ್ಯಾಚೆಜ್‌ನಲ್ಲಿ ಇಂಥ ಮನೆಗಳು ತುಂಬಾ ಉಳಿದಿವೆ. ಒಕ್ಕೂಟದ ಸೈನ್ಯ ಬಂದಾಗ ಊರು ಹೆಚ್ಚು ಕಾದಾಡದೆ ಶರಣಾಯಿತು, ಅದಕ್ಕೆ ಸುಡಲಿಲ್ಲ. 1930ರ ದಶಕದ ಬಡತನದಲ್ಲಿ ಇವು ಕುಸಿಯುವ ಹಾಗಿದ್ದಾಗ ಊರಿನ ಹೆಂಗಸರು ಗಾರ್ಡನ್ ಕ್ಲಬ್ ಮೂಲಕ ಮನೆ ತೆರೆದಿಟ್ಟು, ಟಿಕೆಟ್ ಹಾಕಿ ದುಡ್ಡು ಕೂಡಿಸಿದರು. 1932ರಲ್ಲಿ ಶುರುವಾದ ಈ ವಸಂತದ ಪಿಲ್ಗ್ರಿಮೇಜ್ ಇನ್ನೂ ನಡೆಯುತ್ತದೆ. ಬಿದಿರಬುಟ್ಟಿಯ ಹಾಗೆ ಉಬ್ಬಿದ ಹಳೇ ಕಾಲದ ಲಂಗ ತೊಟ್ಟು ಹೆಂಗಸರು ಬಾಗಿಲಲ್ಲಿ ನಿಂತು ಸ್ವಾಗತಿಸುವುದು ಇದರಿಂದಲೇ ಬೆಳೆದ ಪದ್ಧತಿ. ಮನೆಗಳು ಉಳಿದದ್ದು ಇವರ ಶ್ರಮದಿಂದ, ಅದನ್ನು ಒಪ್ಪಲೇಬೇಕು. ಆದರೆ ಆ ಮನೆಗಳಲ್ಲಿ ದುಡಿದವರ ಕಥೆ ಬಹಳ ವರ್ಷ ಆ ಬಾಗಿಲು ದಾಟಿ ಬರಲಿಲ್ಲ. 

ಮೆಲ್‌ರೋಸ್ ಅನ್ನುವ ಇನ್ನೊಂದು ಮನೆ ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ. ಜಾನ್ ಮ್ಯಾಕ್ಮರನ್ ಅನ್ನುವ ವಕೀಲ 1840ರ ದಶಕದಲ್ಲಿ ಕಟ್ಟಿಸಿದ್ದು. 1990ರಲ್ಲಿ ಇಲಾಖೆ ಕೊಂಡಿತು. ಮೂಲ ಸಾಮಾನು ಬಹಳಷ್ಟು ಉಳಿದಿರುವ ಮನೆ. ಲಾಂಗ್‌ವುಡ್‌ಗೆ ಪೂರ್ತಿ ಉಲ್ಟಾ. ಇಲ್ಲಿ ಒಂದು ಪರದೆ ಕೂಡ ಅಳತೆ ತಪ್ಪಿಲ್ಲ.

ಊರಿಂದ ನಮ್ಮಲ್ಲಿಗೆ ಬಂದಿದ್ದ ಅವ್ವನೂ ಜೊತೆಗಿದ್ದಳು. ಊಟದ ಮನೆಗೆ ಹೋದಾಗ ಅವಳು ಮೇಜು ನೋಡಲಿಲ್ಲ, ತಟ್ಟೆ ನೋಡಲಿಲ್ಲ. ಮೇಜಿನ ಮೇಲೆ ತೂಗುತ್ತಿದ್ದ ದೊಡ್ಡ ಮರದ ಹಲಗೆಯನ್ನೇ ನೋಡುತ್ತ ನಿಂತಳು. ಮಹಾಗನಿ ಮರ, ಅಂಚಿಗೆಲ್ಲ ಕೆತ್ತನೆ, ಒಂದು ಬಾಗಿಲಿನಷ್ಟು ಅಗಲ. ಅದಕ್ಕೆ ಕಟ್ಟಿದ ಹಗ್ಗ ಕೋಣೆಯ ಮೂಲೆಗೆ ಹೋಗಿದೆ. "ಇದು ಪಂಖ ಅಲ್ಲೇನೋ" ಅಂದಳು. ಹೌದು, ಅದೇ. ಆ ಊರಿನವರೂ ಅದನ್ನು ಪಂಖ ಅಂತಲೇ ಕರೆಯುತ್ತಾರೆ. ನಮ್ಮ ಕಡೆ ಕಲೆಕ್ಟರ್ ಬಂಗಲೆಗಳಲ್ಲಿ, ಕೋರ್ಟುಗಳಲ್ಲಿ ಇದ್ದ ಅದೇ ಪಂಖ. ಹಿಂದುಸ್ತಾನದಿಂದ ಹೊರಟು ಸಾಹೇಬರ ಜೊತೆ ಲೋಕ ಸುತ್ತಿ ಮಿಸಿಸಿಪ್ಪಿಯ ಊಟದ ಮನೆ ಸೇರಿತ್ತು. ಮೂಲೆಯಲ್ಲಿ ನಿಂತು ಹಗ್ಗ ಎಳೆಯುತ್ತಿದ್ದದ್ದು ಗುಲಾಮರ ಮಗು ಅಂತ ರೇಂಜರ್ ವಿವರಿಸಿದರು. ಗಾಳಿ ಬೀಸಬೇಕು, ನೊಣ ಓಡಿಸಬೇಕು. ಮೇಜಿನ ಮೇಲಿನ ಮೇಣದ ಬತ್ತಿ ಆರುವಷ್ಟು ಜೋರಾಗಿ ಮಾತ್ರ ಎಳೆಯುವ ಹಾಗಿಲ್ಲ.

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಹಗ್ಗದ ತುದಿಯವರೆಗೆ ಕಣ್ಣು ಹಾಯಿಸಿ, "ಹಂಗಾರ ಆ ಕೂಸು ಉಣ್ಣೂದು ಯಾವಾಗ?" ಅಂತ ಕೇಳಿದಳು. ರೇಂಜರ್‌ಗೆ ಅನುವಾದಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲ್ಲರದೂ ಮುಗಿದು ಪಾತ್ರೆ ತೊಳೆದ ಮೇಲೆ ಇರಬೇಕು ಅಂದರು. ನಮ್ಮ ಊರಿನ ಪಂಖ ಎಳೆಯುವವನಿಗೆ ಸಂಬಳ ಚಿಲ್ಲರೆಯಾದರೂ ಇತ್ತು. ಅವನು ರಾತ್ರಿ ತನ್ನ ಮನೆಗೆ ಹೋಗುತ್ತಿದ್ದ. ಅವನ ಮಕ್ಕಳನ್ನು ಯಾರೂ ಮಾರುವ ಹಾಗಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು.

ಮೆಲ್‌ರೋಸ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಯುದ್ಧ ಮುಗಿದ ಮೇಲೆ ಮನೆ ಬೇರೆ ಕುಟುಂಬಕ್ಕೆ ಹೋಯಿತು. ಮಾಲೀಕರು ಬಹಳ ವರ್ಷ ಅಲ್ಲಿ ವಾಸ ಮಾಡಲಿಲ್ಲ. ಆ ಖಾಲಿ ಮನೆಯನ್ನು ಗುಡಿಸಿ, ಬೀಗ ಹಾಕಿ, ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕಾದವರು ಜೇನ್ ಜಾನ್ಸನ್ ಮತ್ತು ಆಲಿಸ್ ಸಿಮ್ಸ್ ಅನ್ನುವ ಇಬ್ಬರು ಹೆಂಗಸರು. ಮೊದಲು ಗುಲಾಮಗಿರಿಯಲ್ಲಿದ್ದವರು. ಇವತ್ತು ಅಲ್ಲಿನ ಸಾಮಾನು ಅಸಲಿ ಅಂತ ಹೇಳಿಕೊಳ್ಳಲು ಆಗುವುದು ಇಂಥ ಕೈಗಳ ದೆಸೆಯಿಂದ. ಜೀರ್ಣೋದ್ಧಾರದ ಇತಿಹಾಸ ಬರೆಯುವಾಗ ಇಲಾಖೆ, ಪ್ರತಿಷ್ಠಾನ, ಕ್ಲಬ್ ಹೆಸರುಗಳು ಬರುತ್ತವೆ. ನನ್ನ ಮಟ್ಟಿಗೆ ಆ ಪಟ್ಟಿ ಈ ಇಬ್ಬರಿಂದ ಶುರುವಾಗಬೇಕು.

ಯಾವ ವರ್ಷಕ್ಕೆ ಮರಳಿಸುವುದು?

ಹಳೇ ಮನೆಯನ್ನು ಸರಿಪಡಿಸುವುದು ಅಂದರೆ ಮೊದಲು ಒಂದು ವರ್ಷ ಆರಿಸಬೇಕು. ಗೋಡೆಯ ಬಣ್ಣವನ್ನು ಚೂರು ಕೆತ್ತಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಪದರ ಎಣಿಸುತ್ತಾರೆ. ಇಷ್ಟನೇ ಪದರ ಇಂಥ ಕಾಲದ್ದು ಅಂತ ಗುರುತಿಸಿ ಅದೇ ಬಣ್ಣ ಮತ್ತೆ ಹಚ್ಚುತ್ತಾರೆ. ಹಾಗೆ ಹಚ್ಚಿದಾಗ ಅದರ ನಂತರದ ಎಲ್ಲ ವರ್ಷಗಳೂ ಮುಚ್ಚಿಹೋಗುತ್ತವೆ. ದಕ್ಷಿಣದ ಮನೆಗಳಲ್ಲಿ ಹೆಚ್ಚಾಗಿ ಆರಿಸುವುದು 1850ರ ದಶಕ. ಮನೆಯ ಯಜಮಾನ ಅತಿ ಶ್ರೀಮಂತನಾಗಿದ್ದ ಕಾಲ. ಅದೇ ಮನೆಯ ಹಿತ್ತಲಿನಲ್ಲಿದ್ದವರಿಗೆ ಅದು ಅತಿ ಕೆಟ್ಟ ಕಾಲ. ಹಾಗಾಗಿ ಯಾವ ವರ್ಷ ಅನ್ನುವುದು ಬರೀ ಬಣ್ಣದ ಪ್ರಶ್ನೆ ಅಲ್ಲ.

ಇನ್ನೊಂದು ದಾರಿಯೂ ಇದೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಏಕೆನ್-ರೆಟ್ ಮನೆ ಅಂತ ಇದೆ. 1995ರಲ್ಲಿ ಅದನ್ನು ಕೊಂಡ ಸಂಸ್ಥೆ ಸಿಕ್ಕ ಸ್ಥಿತಿಯಲ್ಲೇ ಉಳಿಸಲು ನಿರ್ಧರಿಸಿತು. ಹರಿದ ಗೋಡೆ ಕಾಗದ ಹರಿದೇ ಇದೆ. ಹಿತ್ತಲಿನಲ್ಲಿ ಗುಲಾಮರ ಕೋಣೆಗಳು, ಅಡುಗೆಮನೆ, ಲಾಯ ಎಲ್ಲ ಹಾಗೇ ನಿಂತಿವೆ. ಅದೇ ಊರಿನ ಹಳೇ ಇಟ್ಟಿಗೆಗಳಲ್ಲಿ ಅಲ್ಲಲ್ಲಿ ಚಿಕ್ಕ ಬೆರಳಿನ ಗುರುತುಗಳು ಕಾಣುತ್ತವೆ. ಹಸಿ ಇಟ್ಟಿಗೆಯನ್ನು ತಿರುವಿ ಒಣಗಿಸುತ್ತಿದ್ದ ಮಕ್ಕಳ ಬೆರಳು. ಗಿಲಾವು ಹಚ್ಚಿದ ಗೋಡೆಯಲ್ಲಿ ಇದು ಎಲ್ಲಿ ಕಾಣಬೇಕು?

ಹಾಗೇ ಉಳಿಸುವುದು ಅಂದರೆ ಸುಮ್ನೆ ಬಿಟ್ಟುಬಿಡುವುದು ಅಲ್ಲ. ಲಾಂಗ್‌ವುಡ್‌ನಂಥ ಕಡೆ ಇದು ಜಾಸ್ತಿ ಕಷ್ಟ. ಮಿಸಿಸಿಪ್ಪಿಯ ಬೇಸಿಗೆಯ ಹವೆ ಹಿಂಡಿದರೆ ನೀರು ಬರುವಂಥದ್ದು. ಬಣ್ಣ ಕಾಣದ ಬರಿಯ ಮರಕ್ಕೆ ಗೆದ್ದಲಿನ ಭಯ. ಇಷ್ಟು ಮೂಲೆ, ಇಷ್ಟು ಸಂದು ಇರುವ ಚಾವಣಿ ಎಲ್ಲಿ ಬೇಕಾದರೂ ಸೋರಬಹುದು. ಆ ಕಾಲದ ಇಟ್ಟಿಗೆ ಮೆತ್ತಗಿನದು, ಇವತ್ತಿನ ಹಾಗೆ ಗಟ್ಟಿ ಸುಟ್ಟದ್ದಲ್ಲ. ಅದರ ಸಂದಿಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟ್ ತುಂಬಿದರೆ ತೇವ ಹೊರಗೆ ಬರಲು ದಾರಿ ಸಿಗದೆ ಇಟ್ಟಿಗೆಯ ಮುಖವೇ ಉದುರುತ್ತದೆ. ನಮ್ಮ ಊರುಗಳಲ್ಲಿ ಎಷ್ಟು ವಾಡೆಗಳು, ಎಷ್ಟು ಗುಡಿಗಳು ಹೀಗೆ ಸಿಮೆಂಟ್ ಮೆತ್ತಿಸಿಕೊಂಡು ಹಾಳಾಗಿವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

2025ರ ಮೇ ತಿಂಗಳಲ್ಲಿ ಲೂಯಿಸಿಯಾನಾದ ನಾಟವೇ ಅನ್ನುವ ಮನೆ ಸುಟ್ಟುಹೋಯಿತು. 1859ರ ಮನೆ. 53,000 ಚದರ ಅಡಿ, ದಕ್ಷಿಣದಲ್ಲಿ ಉಳಿದಿದ್ದ ಯುದ್ಧಕ್ಕೂ ಮೊದಲಿನ ಮನೆಗಳಲ್ಲೇ ಅತಿ ದೊಡ್ಡದು ಅನ್ನುತ್ತಿದ್ದರು. ಕಟ್ಟಿಸಿದವನ ಬಳಿ 155 ಗುಲಾಮರಿದ್ದರು. ಈಚೆಗೆ ಅದು ರೆಸಾರ್ಟ್ ಆಗಿತ್ತು, ಮದುವೆ ನಡೆಯುತ್ತಿದ್ದವು. ಉರಿಯುವ ವಿಡಿಯೋ ಎಲ್ಲರ ಫೋನಿಗೂ ಬಂತು. ಕೆಲವರು ಅತ್ತರು, ಕೆಲವರು ಸಂಭ್ರಮಿಸಿದರು. ಆ ಸಂಭ್ರಮ ನನಗೆ ಅರ್ಥವಾಗುತ್ತದೆ. ಅಲ್ಲಿ ದುಡಿದವರ ವಂಶದವರಿಗೆ ಆ ಕಂಬಗಳು ಸುಂದರವಾಗಿ ಕಾಣಲೇಬೇಕು ಅಂತ ಕೇಳಲು ನಾನು ಯಾರು? ಆದರೂ ನನಗೆ ದುಃಖವಾಯಿತು. ಸುಟ್ಟ ಮನೆ ಸಾಕ್ಷಿ ಹೇಳುವುದಿಲ್ಲ. ನಾಟವೇಯ ಹಾಗೆಯೇ ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ವಿಟ್ನಿ ತೋಟದ ಮನೆ 2014ರಿಂದ ಪೂರ್ತಿ ಗುಲಾಮರ ದೃಷ್ಟಿಯಿಂದಲೇ ಕಥೆ ಹೇಳುತ್ತಿದೆ. ಅಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಗೋಡೆ ನಿಲ್ಲಿಸಿದ್ದಾರೆ. ನಾಟವೇಗೂ ಆ ದಾರಿ ಇತ್ತು. ಇನ್ನು ಇಲ್ಲ.

ಮನೆಯಿಲ್ಲದ ಕೂಡುರಸ್ತೆ

ನ್ಯಾಚೆಜ್‌ನ ಪೂರ್ವ ಅಂಚಿನಲ್ಲಿ ಒಂದು ಕೂಡುರಸ್ತೆ ಇದೆ. ಹೆಸರು ಫೋರ್ಕ್ಸ್ ಆಫ್ ದ ರೋಡ್. ಡೀಪ್ ಸೌತ್ ಅನ್ನುವ, ಅಮೆರಿಕದ ದಕ್ಷಿಣದ ತುದಿಯ ಹತ್ತಿ ರಾಜ್ಯಗಳಲ್ಲಿ ನ್ಯೂ ಆರ್ಲಿಯನ್ಸ್ ಬಿಟ್ಟರೆ ಮನುಷ್ಯರನ್ನು ಮಾರುವ ಅತಿ ದೊಡ್ಡ ಸಂತೆ ಇಲ್ಲೇ ನಡೆಯುತ್ತಿತ್ತು. 1833ರಲ್ಲಿ ಕಾಲರಾ ಬಂದು, ಒಬ್ಬ ವ್ಯಾಪಾರಿ ಸತ್ತ ಗುಲಾಮರ ಹೆಣಗಳನ್ನು ಗುಟ್ಟಾಗಿ ಕೊರಕಲಲ್ಲಿ ಹೂತ ಸುದ್ದಿ ಹಬ್ಬಿತು. ಊರವರು ವ್ಯಾಪಾರವನ್ನು ಊರ ಗಡಿಯಿಂದ ಆಚೆ ಹಾಕಿದರು. ನಿಲ್ಲಿಸಲಿಲ್ಲ, ಆಚೆ ಹಾಕಿದರು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸಂಕೋಲೆ ಹಾಕಿ ನೂರಾರು ಮೈಲಿ ನಡೆಸಿಕೊಂಡು ತಂದವರನ್ನು ಇಲ್ಲಿ ತೊಳೆದು, ಹೊಸ ಬಟ್ಟೆ ಹಾಕಿ ಸಾಲಾಗಿ ನಿಲ್ಲಿಸುತ್ತಿದ್ದರು. ಹರಾಜು ಇರಲಿಲ್ಲ. ಅಂಗಡಿಯಲ್ಲಿ ಆರಿಸುವ ಹಾಗೆ ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ಊರ ಸುತ್ತಲಿನ ತೋಟಗಳಿಗೆ ಕೈಗಳು ಹೋದದ್ದು ಇಲ್ಲಿಂದ. 1863ರಲ್ಲಿ ಒಕ್ಕೂಟದ ಸೈನ್ಯ ಊರು ಹಿಡಿದ ಮೇಲೆ ಸೈನಿಕರು ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳನ್ನು ಕಿತ್ತುಹಾಕಿದರು. ಅವರಲ್ಲಿ ಕರಿಯ ಸೈನಿಕರೂ ಇದ್ದರು. ಕಿತ್ತ ಮರದಿಂದ ತಮ್ಮ ವಸತಿ ಕಟ್ಟಿಕೊಂಡರು. ಈ ಊರಿನ ಕಟ್ಟಡಗಳ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದೇ.

ಆಮೇಲೆ ಆ ಜಾಗದಲ್ಲಿ ಏನೂ ಉಳಿಯಲಿಲ್ಲ. ಊರು ಬೆಳೆಯಿತು, ಅಂಗಡಿಗಳು ಬಂದವು, ವಾಹನ ಓಡಾಡಿದವು. ಊರಿನ ಕೆಲವರು ವರ್ಷಗಟ್ಟಲೆ ಹಟ ಹಿಡಿದು ಇದನ್ನು ಗುರುತಿಸಿ ಅಂತ ಕೇಳಿದ ಮೇಲೆ ಫಲಕಗಳು ಬಂದವು. ನೆಲದ ಕಾಂಕ್ರೀಟಿನಲ್ಲಿ ಕಬ್ಬಿಣದ ಸಂಕೋಲೆಗಳನ್ನು ಹುದುಗಿಸಿದರು. 2021ರಲ್ಲಿ ಜಾಗ ಮೆಲ್‌ರೋಸ್ ಇರುವ ಅದೇ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಗಾರ್ಡನ್ ಕ್ಲಬ್‌ನವರು ಮನೆ ತೆರೆದು ಸುಮಾರು 90 ವರ್ಷದ ನಂತರ.

ಇಲ್ಲಿ ಜೀರ್ಣೋದ್ಧಾರ ಮಾಡಲು ಒಂದು ಇಟ್ಟಿಗೆಯೂ ಇಲ್ಲ. ಬಣ್ಣದ ಪದರ ಇಲ್ಲ, ಕೆತ್ತನೆ ಇಲ್ಲ. ಹಳೇ ಪತ್ರಿಕೆಯ ಜಾಹೀರಾತು, ಮಾರಾಟದ ಪತ್ರ, ಹಡಗಿನ ಪಟ್ಟಿ, ಇವುಗಳಿಂದ ಹೆಸರು ಹೆಕ್ಕಬೇಕು. ಲಾಂಗ್‌ವುಡ್‌ನ ಗುಮ್ಮಟ ಸೋರದ ಹಾಗೆ ನೋಡಿಕೊಳ್ಳಲು ಎಷ್ಟು ಕಾಳಜಿ ಬೇಕೋ ಅಷ್ಟೇ ಕಾಳಜಿ, ಅಷ್ಟೇ ದುಡ್ಡು ಈ ಹುಡುಕಾಟಕ್ಕೂ ಹೋಗಬೇಕು ಅಂತ ನಾನು ನಂಬುತ್ತೇನೆ. ಲಾಂಗ್‌ವುಡ್ ಮುಗಿಸಬಾರದು ಅನ್ನುವ ಆ ಷರತ್ತು ಬರೆದವರ ಮನಸ್ಸಿನಲ್ಲಿ ಏನಿತ್ತೋ. ಜೂಲಿಯಾಳ ನೆನಪಿಗೆ ಬರೆದಿರಬಹುದು. ಆದರೂ ಅದು ಒಳ್ಳೆಯ ಷರತ್ತು. ಯಾರೂ ಅದನ್ನು ಸಡಿಲಿಸದಿರಲಿ.

ಹೂಸ್ಟನ್, ಡಲ್ಲಾಸ್ ಕಡೆಯ ನಮ್ಮವರು ನ್ಯೂ ಆರ್ಲಿಯನ್ಸ್‌ಗೆ ಆಗಾಗ ಹೋಗುತ್ತಾರೆ. ನ್ಯಾಚೆಜ್ ಅಲ್ಲಿಂದ ಮೂರು ಗಂಟೆಯ ದಾರಿ. ಹೋದರೆ ನನ್ನದೊಂದು ಮಾತು ಕೇಳಿ. ಮೊದಲು ಆ ಕೂಡುರಸ್ತೆಗೆ ಹೋಗಿ, ಫಲಕಗಳನ್ನು ಪೂರ್ತಿ ಓದಿ. ಆಮೇಲೆ ಮೆಲ್‌ರೋಸ್‌ನ ಹಿತ್ತಲಿನಲ್ಲಿರುವ ಗುಲಾಮರ ಮನೆಗಳನ್ನು ನೋಡಿ, ನಂತರ ಊಟದ ಮನೆಗೆ ಬನ್ನಿ. ಲಾಂಗ್‌ವುಡ್ ಕೊನೆಗೆ ಇರಲಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆಗಳಿಗೆ ಗೈಡ್ ಉತ್ತರ ಕೊಡಲಿ, ನೀವು ನಡುವೆ ಬಾಯಿ ಹಾಕಬೇಡಿ.